ನಾಲ್ಕನೆಯ ಬೋಲ್ಟು

ತನ್ನ ದನಿ ಎರಡು ಮಾರು ದಾಟುವುದಿಲ್ಲ ಎಂದು ಅವಳು ಆ ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡಳು. ಬರೆದ ಮೇಲೆ ಅದು ಇನ್ನಷ್ಟು ನಿಜವೆನ್ನಿಸಿ ನಾಚಿಕೆಯಾಯಿತು. ಹೋದ ವಾರ ಒಂದು ಶಾಲೆಯಲ್ಲಿ ಮಾದರಿ ಪಾಠ ಮಾಡಲು ಕರೆದಿದ್ದರು. ಹಲಗೆಯ ಮೇಲೆ ಅವಳ ಅಕ್ಷರ ಅಚ್ಚು ಹಾಕಿದಂತೆ ಬಿದ್ದಿತ್ತು, ಮೊದಲೆರಡು ಬೆಂಚಿನವರು ತಲೆಯಾಡಿಸುತ್ತಿದ್ದರು, ಕಾಲುಗಂಟೆಯಾದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಬಹಳ ವಿನಯದಿಂದ, "ಮಿಸ್, ಪಾಠ ಶುರು ಮಾಡಿದ್ರಾ?" ಎಂದು ಕೇಳಿದ್ದಳು. ಇಡೀ ತರಗತಿ ನಕ್ಕಿತ್ತು. ಮೂಲೆಯಲ್ಲಿ ಕೂತು ಅಂಕ ಹಾಕುತ್ತಿದ್ದ ಹೆಡ್ ಮಿಸ್ಟ್ರೆಸ್ ಕೂಡ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ್ದರು. ಕೂಗಲು ಬಾರದಿರುವುದು ಕಾಯಿಲೆಯೋ, ಅಭ್ಯಾಸವೋ, ಅಥವಾ ಈ ಮನೆಯಲ್ಲಿ ಕೂಗುವ ಕೆಲಸವನ್ನೆಲ್ಲ ಒಬ್ಬರೇ ವಹಿಸಿಕೊಂಡಿರುವುದರಿಂದ ಉಳಿದವರ ಗಂಟಲು ಬಳಕೆಯಿಲ್ಲದೆ ತುಕ್ಕು ಹಿಡಿದಿದೆಯೋ, ಇದನ್ನೂ ಬರೆಯಲೇ ಎಂದು ಪೆನ್ನು ಎತ್ತಿದವಳಿಗೆ ಅಂಗಳದಿಂದ ಆ ಒಬ್ಬರ ಕೂಗೇ ಕೇಳಿಸಿತು. "ರೈಟರ್ ಸಾಹೇಬ್ರೇ! ಪುಸ್ತಕ ತಗೊಂಡು ತಾವಾಗೇ ಬರ್ತೀರೋ, ನಾನೇ ಬಂದು ಹೊತ್ಕೊಂಡು ಬರ್ಲೋ?" ಡೈರಿಯನ್ನು ದಿಂಬಿನ ಕವರಿನೊಳಗೆ ತುರುಕಿ ಅವಳು ಎದ್ದಳು. ಅಪ್ಪ ತಮಾಷೆ ಮಾಡುವ ಬೆಳಿಗ್ಗೆಗಳೆಂದರೆ ಅವಳಿಗೆ ಹೆಚ್ಚು ಭಯ. ತಮಾಷೆ ಯಾವ ಮಾತಿಗೆ ನಿಲ್ಲುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ.

ಪುಸ್ತಕವೆಂದರೆ ಗಾಡಿಯ ಪುಸ್ತಕ. ಅಪ್ಪ ಸರ್ವೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಓಡಿಸಿ, ಇನ್ನು ಇದು ಕೆಲಸಕ್ಕೆ ಬಾರದೆಂದು ಇಲಾಖೆ ಹರಾಜಿಗಿಟ್ಟಾಗ ತಾನೇ ಕೂಗಿ ಮನೆಗೆ ತಂದ ಡೀಸೆಲ್ ಜೀಪು ಅದು. ಬೆಟ್ಟ ಹತ್ತಿ ಹೊಳೆ ದಾಟಿದ ಗಾಡಿ ಈಗ ಮಾರುಕಟ್ಟೆಗೆ ಹೋಗಿ ಬರುತ್ತದೆ. ವರ್ಷಕ್ಕೆ ಎರಡು ಭಾನುವಾರ ಅದರ ಸರ್ವಿಸ್ ಅಂಗಳದಲ್ಲೇ ಆಗಬೇಕು. ಬೇರೆಯವನ ಕೈ ಅದರ ಮೇಲೆ ಬೀಳಕೂಡದು. ಓಡಿದ ಕಿಲೋಮೀಟರು, ಹಾಕಿದ ಆಯಿಲು, ಬದಲಿಸಿದ ಫಿಲ್ಟರು ಎಲ್ಲವನ್ನೂ ಅವಳು ಬರೆಯಬೇಕು. ಪಕ್ಕದ ಮನೆಯ ಟೈಲರಿಗೆ ಗೋಡೆಯ ಮೇಲಿಂದ ಪುಟ ತಿರುವಿ ತೋರಿಸಿ, "ನೋಡಯ್ಯಾ, ನನ್ ಮಗಳ ಅಕ್ಷರ, ಕಂಪನಿಯವ್ರೇ ಪ್ರಿಂಟ್ ಹಾಕ್ಸಿದ ಹಾಗಿದೆ" ಎಂದು ಅಪ್ಪ ಹೆಮ್ಮೆಪಟ್ಟದ್ದೂ ಉಂಟು. ಆಗೆಲ್ಲ ಅವಳಿಗೆ ಅಪ್ಪನ ಮೇಲೆ ಪ್ರೀತಿ ಉಕ್ಕಿ, ಉಕ್ಕಿದ್ದಕ್ಕೆ ತನ್ನ ಮೇಲೆ ಅಸಹ್ಯವಾಗಿದೆ.

ಅಂಗಳದಲ್ಲಿ ಎಂಜಿನ್ ಓಡುತ್ತಿತ್ತು. ಹಳೆ ಆಯಿಲು ಬಿಸಿಯಾದರೆ ಪೂರ್ತಿ ಇಳಿಯುತ್ತದೆಂದು ಅಪ್ಪ ಯಾವಾಗಲೂ ಹತ್ತು ನಿಮಿಷ ಓಡಿಸುತ್ತಾನೆ. ಗೋಡೆಯ ಮೂಲೆಯ ನಲ್ಲಿಯ ಹತ್ತಿರ ಅಣ್ಣ ಕುಕ್ಕರಗಾಲಲ್ಲಿ ಕೂತು ಏರ್ ಕ್ಲೀನರಿನ ಬಟ್ಟಲನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದ. ಅವನ ಎಡಕಿವಿ ಈ ಕಡೆಗಿತ್ತು. ಅಂದರೆ ಈ ಕಡೆಯ ಯಾವುದೂ ಅವನಿಗೆ ಕೇಳುವುದಿಲ್ಲ. ಅವಳ ಕಣ್ಣು ಪುಸ್ತಕದ ಹಿಂದಿನ ಪುಟಕ್ಕೆ ಹೋಯಿತು. ಡ್ರೈನ್ ಪ್ಲಗ್ ಥ್ರೆಡ್ ಹಾಳು, ಹೊಸ ವಾಷರ್ ಹಾಕಲಾಗಿದೆ. ಅವಳದೇ ದುಂಡಗಿನ ಅಕ್ಷರ. ಪಕ್ಕದಲ್ಲಿ ಕಂದು ಕಲೆಯೊಂದಿದೆ, ಆಯಿಲಿರಬಹುದು. ಆವತ್ತು ಆಯಿಲು ಇಳಿಸುವ ತೂತಿನ ಆ ಪ್ಲಗ್ಗನ್ನು ಬಿಗಿದವನು ಅಣ್ಣ. ಒಂದು ಸುತ್ತು ಹೆಚ್ಚಾಗಿ ಬಿಗಿದ, ಥ್ರೆಡ್ ಜಾರಿತು, ಆಯಿಲು ತೊಟ್ಟಿಕ್ಕತೊಡಗಿತು. ಅಪ್ಪ ಅದನ್ನು ಬೆರಳಿಂದ ಮುಟ್ಟಿ ನೋಡಿ, ಬೆರಳನ್ನು ಬಟ್ಟೆಗೆ ಒರೆಸಿಕೊಂಡು, ಎದ್ದು, ಕೈಯಲ್ಲಿದ್ದ ದೊಡ್ಡ ಸ್ಪ್ಯಾನರನ್ನು ಚಪ್ಪಟೆಯಾಗಿ ತಿರುಗಿಸಿಕೊಂಡು ಅಣ್ಣನ ಎಡಕಿವಿಯ ಮೇಲೆ ಬೀಸಿದ್ದ. ಹಾಗೆ ಚಪ್ಪಟೆಯಾಗಿ ತಿರುಗಿಸಿಕೊಂಡದ್ದು ಅವಳ ನೆನಪಿನಲ್ಲಿ ಬೇರೆಲ್ಲಕ್ಕಿಂತ ಗಟ್ಟಿಯಾಗಿ ಕೂತಿದೆ. ಎಚ್ಚರವಿಲ್ಲದ ಸಿಟ್ಟಿನವನು ಹಾಗೆ ತಿರುಗಿಸುವುದಿಲ್ಲ. ಕಿವಿಯೊಳಗಿನ ಪೊರೆ ಹರಿದಿದೆ ಎಂದ ಡಾಕ್ಟರಿಗೆ ಅಮ್ಮ, "ಬಚ್ಚಲಲ್ಲಿ ಜಾರಿ ಬಿದ್ದ ಡಾಕ್ಟ್ರೇ, ಹಂಡೆ ಬಡೀತು" ಎಂದಳು. ಡಾಕ್ಟರು ಮಗಳ ಕಡೆ ತಿರುಗಿ, "ನೀವು ಓದಿದವ್ರು. ಹೌದಾ ಇವ್ರು ಹೇಳೋದು?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಮಾತಾಡಲಿಲ್ಲವಲ್ಲ, ಬರೀ ತಲೆಯಾಡಿಸಿದ್ದು ಸುಳ್ಳಾಗುತ್ತದೆಯೇ ಎಂದು ಆ ರಾತ್ರಿ ಎರಡು ಪುಟ ಬರೆದಿದ್ದಳು. ಅಣ್ಣ ಹೊರಗೆ ಬೆಂಚಿನ ಮೇಲೆ ಹತ್ತಿ ಒತ್ತಿಕೊಂಡು ಕೂತಿದ್ದವನು, "ಇನ್ಮೇಲೆ ಅರ್ಧ ಬೈಗುಳ ಉಳೀತು ಬಿಡು" ಎಂದು ನಕ್ಕಿದ್ದ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವ, ಇಪ್ಪತ್ತೊಂಬತ್ತು ತುಂಬಿದ ಗಂಡಸು ಈಗಲೂ ಸರ್ವಿಸ್ಸಿನ ಭಾನುವಾರ ಬಂತೆಂದರೆ ಅಪ್ಪನಿಗೆ ಸ್ಪ್ಯಾನರು ಕೊಡಲು ಬಂದು ನಿಲ್ಲುತ್ತಾನೆ. ಯಾಕೆ ಬರುತ್ತಾನೆ? ಅದನ್ನು ಕೇಳಲು ಅವನ ಬಲಗಡೆಗೆ ಹೋಗಿ ನಿಲ್ಲಬೇಕು, ಗಟ್ಟಿಯಾಗಿ ಕೇಳಬೇಕು.

ಎಂಜಿನ್ ನಿಂತಿತು. ಆಯಿಲು ಕಪ್ಪಗೆ, ದಪ್ಪಗೆ, ಅಗಲ ಬಾಣಲಿಗೆ ಇಳಿಯಿತು. ಡೀಸೆಲ್ ಫಿಲ್ಟರು ಬದಲಾಯಿತು. ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ತೆಗೆಯಲು ಚಿಕ್ಕ ಸ್ಕ್ರೂ ಸಡಿಲಿಸಿ ಅಪ್ಪ ಅವಳ ಬೆರಳನ್ನು ಕೈಪಂಪಿನ ಗುಂಡಿಯ ಮೇಲಿಟ್ಟ. "ಒತ್ತು. ನಿಧಾನ... ನಿಧಾನ ಕಣಮ್ಮ. ಗುಳ್ಳೆ ಬರೋದು ನಿಲ್ಲೋ ತನಕ ಒತ್ತು. ಗಾಳಿ ಒಂಚೂರು ಒಳಗೆ ಉಳೀತು ಅಂದ್ರೆ ಇದು ಸ್ಟಾರ್ಟ್ ಆಗಲ್ಲ, ಒಳಗೊಳಗೇ ಕೊರಗುತ್ತೆ." ಅವಳ ಬೆರಳ ಮೇಲೆ ಅಪ್ಪನ ಬೆರಳು ಬೆಚ್ಚಗಿತ್ತು, ಆಯಿಲಿನಿಂದ ನುಣ್ಣಗಿತ್ತು. ಸ್ಕ್ರೂವಿನ ಸುತ್ತ ನೊರೆ ಉಕ್ಕಿ, ಗುಳ್ಳೆಯಾಗಿ ಒಡೆದು, ಕೊನೆಗೆ ತಿಳಿಯಾದ ಡೀಸೆಲ್ ಹರಿಯಿತು. ಇಷ್ಟು ಮೆತ್ತಗೆ ಮಾತಾಡಬಲ್ಲವನು. ಈ ಮೆತ್ತಗಿನ ಮಾತೂ ಆ ಚಪ್ಪಟೆ ಸ್ಪ್ಯಾನರೂ ಒಂದೇ ಕೈಯಿಂದ ಬರುತ್ತವೆಂಬುದನ್ನು ಅವಳು ಎಷ್ಟು ಸಲ ಬರೆದಿದ್ದರೂ ಕಾಗದದ ಮೇಲೆ ಅದು ಎರಡು ಕೈಯಾಗಿಯೇ ಉಳಿಯುತ್ತಿತ್ತು.

ಆಮೇಲೆ ಅಮ್ಮ ಕಾಫಿ ತಂದಳು, ಕಾಫಿಯ ಜೊತೆ ಒಂದು ಮಾತನ್ನೂ ತಂದಳು. "ರೀ, ಇವತ್ತಾದ್ರೂ ಅವನನ್ನ ಕರೀಬೇಡಿ ಅಂದಿದ್ದೆ. ಸಂಜೆ ಹೆಣ್ಣಿನ ಮನೆಯವ್ರು ಅವನನ್ನ ನೋಡೋಕೆ ಬರ್ತಾರೆ, ಮೈಯೆಲ್ಲ ಆಯಿಲ್ ಮಾಡ್ಕೊಂಡು..." ಅಪ್ಪ ಲೋಟವನ್ನು ಬಾನೆಟ್ಟಿನ ಮೇಲಿಟ್ಟ. "ನೋಡೋಕೆ ಬರೋರು ನೋಡ್ಲಿ. ಕಿವುಡ ಅಂತ ಮೊದ್ಲೇ ಹೇಳಿದ್ದೀಯೋ, ಇಲ್ಲ ಅದಕ್ಕೂ ಬಚ್ಚಲಲ್ಲಿ ಜಾರ್ತೀಯೋ?" ಅಮ್ಮನ ಮುಖ ಬಿಳಿಚಿಕೊಂಡಿತು. ಒಳಗೆ ಹೋಗುತ್ತ ಅವಳು ಮಗಳ ಕಡೆಗೊಮ್ಮೆ ನೋಡಿದಳು. ನೀನು ಬಾಯಿ ಬಿಡಬೇಡ ಎಂಬ ಆ ನೋಟವನ್ನು ಮಗಳು ತೊಟ್ಟಿಲಲ್ಲೇ ಕಲಿತಿದ್ದಿರಬೇಕು. ಅಪ್ಪ ಕೈ ಬೀಸಿದ; ಲೋಟ ಬಾನೆಟ್ಟಿನಿಂದ ಹಾರಿ ಗೋಡೆಗೆ ಬಡಿದು ಉರುಳಿತು. ಟೈಲರಿನ ಮನೆಯ ಹೊಲಿಗೆ ಯಂತ್ರ ಒಂದು ಕ್ಷಣ ನಿಂತು, ಮತ್ತೆ ಹೊಲಿಯತೊಡಗಿತು.

"ಲೋ! ಹಿಂದಿನ ಶಾಫ್ಟ್ ಬಿಚ್ತೀನಿ. ಕಲ್ಲು ಇಡೋ!" ಎಂದು ಅಪ್ಪ ಅಣ್ಣನ ಮುಂದೆ ನಿಂತು ಕೂಗಿದ. ಅಣ್ಣ ಎದ್ದು ಬಂದು, ಗೋಡೆಯ ಬದಿಯ ಎರಡು ದಪ್ಪ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ಮುಂದಿನ ಚಕ್ರಗಳ ಮುಂದೆ ಇಟ್ಟು, ಕಾಲಿಂದ ಒದ್ದು ಗಟ್ಟಿ ಮಾಡಿ, ಮತ್ತೆ ಹೋಗಿ ಬಟ್ಟಲು ತೊಳೆಯಲು ಕೂತ. ಆರು ವರ್ಷದಿಂದ ಇಟ್ಟ ಹಾಗೆಯೇ ಇಟ್ಟಿದ್ದ. ಅಪ್ಪ ಗೋಣಿಚೀಲ ಹಾಸಿಕೊಂಡು ಬಲಗಡೆಯಿಂದ ಗಾಡಿಯ ಅಡಿಗೆ ನುಸುಳಿದ. ಸೊಂಟದ ಮೇಲಿನದು ಒಳಗೆ ಹೋಯಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡು ಕಾಲು, ಸವೆದ ಹವಾಯಿ ಚಪ್ಪಲಿ, ಹಿಮ್ಮಡಿಯ ಬಿರುಕು ಹೊರಗೆ ಉಳಿದವು. ಬೋಲ್ಟುಗಳನ್ನು ಇಡಲು ಡಬ್ಬಿಯ ಮುಚ್ಚಳ ಹಿಡಿದುಕೊಂಡು ಅವಳು ಮೆಟ್ಟಿಲ ಮೇಲೆ ಕೂತಳು. ಆಗಲೇ ಅವಳಿಗೆ ಕಂಡಿದ್ದು.

ಗಾಡಿ ಯಾವಾಗಲೂ ಹಿಮ್ಮುಖವಾಗಿ ಒಳಗೆ ಬಂದು ಗೇಟಿನ ಕಡೆ ಮೂತಿ ಮಾಡಿ ನಿಲ್ಲುತ್ತಿತ್ತು. ಅಂಗಳ ಗೇಟಿನ ಕಡೆಗೆ ಇಳಿಜಾರು. ಆದ್ದರಿಂದ ಕಲ್ಲು ಮುಂದಿನ ಚಕ್ರಗಳ ಮುಂದೆ. ನಿನ್ನೆ ಸಂಜೆ ಬಂಕಿನಲ್ಲಿ ಯಾರೋ ಹೊಸ ಕಾರಿನವನು ಹಾರ್ನ್ ಹೊಡೆದು, "ತಾತಾ, ಗಾಡಿ ತಳ್ಳೋಕೆ ಜನ ಬೇಕಾ?" ಎಂದನಂತೆ. ಉರಿದುಕೊಂಡು ಬಂದ ಅಪ್ಪನಿಗೆ ಹಿಂದೆ ಮುಂದೆ ಮಾಡುವ ತಾಳ್ಮೆಯಿರಲಿಲ್ಲ. ನೇರ ನುಗ್ಗಿಸಿ ಮೂತಿಯನ್ನು ಮನೆಯ ಕಡೆಗೇ ಮಾಡಿ ನಿಲ್ಲಿಸಿದ್ದ. ಇವತ್ತು ಇಳಿಜಾರು ಗಾಡಿಯ ಹಿಂದಕ್ಕಿತ್ತು. ಕಲ್ಲುಗಳು ಮೇಲ್ಗಡೆ ಸುಮ್ಮನೆ ಕೂತಿದ್ದವು. ಹ್ಯಾಂಡ್ ಬ್ರೇಕ್ ಎಳೆದಿತ್ತು, ನಿಜ. ಆದರೆ ಹ್ಯಾಂಡ್ ಬ್ರೇಕಿನ ಪಾಠವನ್ನು ಅಪ್ಪ ಈ ಮನೆಯಲ್ಲಿ ಎಷ್ಟು ಸಲ ಮಾಡಿರಲಿಲ್ಲ, ಕೊನೆಯ ಬೆಂಚಿಗೂ ಕೇಳುವ ಹಾಗೆ! "ಈ ಗಾಡೀದು ಚಕ್ರ ಹಿಡಿಯೋ ಬ್ರೇಕ್ ಅಲ್ಲ, ಚಕ್ರ ತಿರುಗ್ಸೋ ಶಾಫ್ಟ್ ಹಿಡಿಯೋ ಬ್ರೇಕು. ಶಾಫ್ಟ್ ಬಿಚ್ಚಿದ್ಮೇಲೆ ಗೇರೂ ಸುಳ್ಳು, ಹ್ಯಾಂಡ್ ಬ್ರೇಕೂ ಸುಳ್ಳು. ಕಲ್ಲೊಂದೇ ನಿಜ." ಪ್ರತಿ ಸಲವೂ ಅಡಿಗೆ ಹೋಗುವ ಮೊದಲು ಕಲ್ಲುಗಳನ್ನು ತಾನೇ ಒದ್ದು ನೋಡುತ್ತಿದ್ದವನು ಇವತ್ತು ಲೋಟದ ಮೇಲೆ ಕೈ ಬೀಸಿದ್ದಷ್ಟೇ.

ಹೇಳಬೇಕು ಎನ್ನಿಸಿತು. ಈಗಲೇ. ಹೇಳಿದರೆ ಏನಾಗುತ್ತದೆಂಬುದೂ ಅದೇ ಉಸಿರಿನಲ್ಲಿ ಕಂಡಿತು: ಅಪ್ಪ ಹೊರಗೆ ಬರುತ್ತಾನೆ, ಕಲ್ಲು ನೋಡುತ್ತಾನೆ, ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾನೆ. ಅಣ್ಣನಿಗೆ ಉಳಿದಿರುವುದು ಒಂದು ಕಿವಿ.

"ಒಂದು," ಎಂದಿತು ಗಾಡಿಯ ಅಡಿಯ ದನಿ. ಕಪ್ಪಗಿನ ಕೈಯೊಂದು ಹೊರಬಂದು ಬೋಲ್ಟನ್ನು ಚಾಚಿತು. ಅವಳು ಎದ್ದು ಹೋಗಿ ಈಸಿಕೊಂಡಳು. ಬೋಲ್ಟು ಬಿಸಿಯಾಗಿತ್ತು. ಮುಚ್ಚಳದಲ್ಲಿ ಅದು ಟಣ್ ಎಂದಿತು. ಅಣ್ಣನಿಗೆ ಹೇಳಬಹುದು, ಅವನೇ ಬಂದು ಸದ್ದಿಲ್ಲದೆ ಕಲ್ಲು ಬದಲಿಸುತ್ತಾನೆ. "ಅಣ್ಣಾ," ಎಂದಳು. ಎರಡು ಮಾರು ದಾಟದ ದನಿ ಹತ್ತು ಮಾರು ಆಚೆಯ ಸತ್ತ ಕಿವಿಯ ಕಡೆಗೆ ಹೊರಟು ನಡುವೆಯೇ ಎಲ್ಲೋ ಬಿದ್ದುಹೋಯಿತು. ಅವನು ಬಟ್ಟಲನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ತೊಳೆದದ್ದು ಸಾಲದೇನೋ ಎಂದು ಮತ್ತೆ ಮುಳುಗಿಸಿದ. 

"ಎರಡು. ಎಲ್ಲಿ ಹೋದೆ? ಕನಸು ಕಾಣ್ತಿದ್ದೀಯಾ?" ಅವಳು ಹೋಗಿ ಈಸಿಕೊಂಡಳು. ಕಲ್ಲನ್ನು ತಾನೇ ಬದಲಿಸಬಹುದು. ದಪ್ಪ ಕಲ್ಲೇ, ಆದರೆ ಉರುಳಿಸಬಹುದು, ನಾಲ್ಕು ಹೆಜ್ಜೆ. ಸದ್ದಾದರೆ, ಅಡಿಯಿಂದ, ಏನದು ಎಂಬ ಪ್ರಶ್ನೆ ಬರುತ್ತದೆ. ಏನೂ ಇಲ್ಲ ಅಪ್ಪ ಎಂದರಾಯಿತು. ಅಷ್ಟೇ. ಅವಳ ಕಣ್ಣು ಅಪ್ಪನ ಕಾಲಿನ ಮೇಲೆ ನೆಟ್ಟಿತ್ತು. ಎಡಗಾಲ ಹೆಬ್ಬೆರಳಿನ ಉಗುರು ಕಪ್ಪಗೆ ಸತ್ತಿತ್ತು. ಚಿಕ್ಕವಳಿದ್ದಾಗ ಈ ಪಾದಗಳ ಮೇಲೆ ನಿಂತು, ಅಪ್ಪನ ಕೈ ಹಿಡಿದುಕೊಂಡು, ಅಪ್ಪ ನಡೆದ ಹಾಗೆ ನಡೆಯುತ್ತಿದ್ದಳು. ಇದೇ ಪಾದ ಅಮ್ಮನ ಸೊಂಟದ ಮೇಲೂ ಬಿದ್ದಿದೆ; ಅಮ್ಮ ಆಗ ಅಕ್ಕಿ ಆರಿಸುತ್ತಿದ್ದಳು; ಅಕ್ಕಿ ಹರಡಿದ ಸದ್ದು ಬಹಳ ಚಿಕ್ಕದಾಗಿ, ಮಳೆ ಹನಿಯಂತೆ ಕೇಳಿಸಿತ್ತು. ಅವಳಿಗೆ ಮಾತ್ರ ಅಪ್ಪ ಒಂದು ದಿನವೂ ಹೊಡೆದದ್ದಿಲ್ಲ. ಬೇರೆಯವರಿಗೆ ಏಟು ಬೀಳುವಾಗ ಇವಳ ಬೆನ್ನು ತಾನಾಗಿ ಸಡಿಲವಾಗುತ್ತಿತ್ತು: ಇವತ್ತಿನದು ಮುಗಿಯಿತು, ನನ್ನದಲ್ಲ. ಇದನ್ನು ಅವಳು ಡೈರಿಯಲ್ಲೂ ಬರೆದಿರಲಿಲ್ಲ.

"ಮೂರು," ಎಂದಿತು ದನಿ. ಮೂರನೆಯದನ್ನು ಈಸಿಕೊಳ್ಳುವಾಗ ಅವಳ ಕೈ ನಡುಗುತ್ತಿರಲಿಲ್ಲ. ಅದನ್ನು ಗಮನಿಸಿ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಅಣ್ಣನ ಕಿವಿ, ಅಮ್ಮನ ನೋಟ, ತನ್ನ ದನಿ ಎಂದೆಲ್ಲ ಒಳಗೆ ಗಲಾಟೆ ಮಾಡುತ್ತಿದ್ದ ಕಾರಣಗಳು ಯಾವಾಗಲೋ ಎದ್ದು ಹೋಗಿದ್ದವು. ಖಾಲಿ ತರಗತಿಯಂತೆ ತಲೆ ತಣ್ಣಗಿತ್ತು. ಮುಂದಿನ ಚಕ್ರದ ಅಂಚಿನಿಂದ ಅಪ್ಪನ ಮೊಣಕಾಲಿಗೆ ಎಷ್ಟು ದೂರ ಎಂದು ಅವಳ ಕಣ್ಣು ಅಳೆಯುತ್ತಿತ್ತು. ಒಂದೂವರೆ ಗೇಣು.

"ನಾಲ್ಕನೇದು ಮೊಂಡು. ಕಚ್ಕೊಂಡು ಕೂತಿದೆ. ಸುತ್ತಿಗೆ ಕೊಡು." ಕಚ್ಚಿಕೊಂಡಿರದೆ ಏನು ಮಾಡೀತು? ಇಡೀ ಗಾಡಿಯ ಭಾರ ಅದರ ಮೇಲಿತ್ತು. ಸುತ್ತಿಗೆ ಬಾನೆಟ್ಟಿನ ಮೇಲಿತ್ತು, ಚೆಲ್ಲಿದ ಕಾಫಿಯ ಪಕ್ಕ. ಅವಳು ಅದನ್ನು ತೆಗೆದು, ಹಿಡಿಯನ್ನು ಲಂಗದಂಚಿಗೆ ಒರೆಸಿ, ಬಗ್ಗಿ, ಆ ಕೈಯೊಳಗೆ ಇಟ್ಟಳು. "ಜಾಣೆ," ಎಂದ ಅಪ್ಪ.

ಸ್ಪ್ಯಾನರಿನ ಹಿಡಿಯ ಮೇಲೆ ಮೂರು ಪೆಟ್ಟು. ಮೂರನೆಯದಕ್ಕೆ ಏನೋ ಸಿಡಿದು ಕಾಂಪೌಂಡಿಗೆ ಬಡಿಯಿತು. ಶಾಫ್ಟು ಕಳಚಿ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಗಾಡಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ, ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಕಾಲುಗಳು ಒಮ್ಮೆಲೆ ಮಡಿಚಿಕೊಂಡವು, ಬಲಗಾಲು ಒಳಗೆ ಹೋಯಿತು, ಎಡಗಾಲು ಗೋಣಿಚೀಲದಲ್ಲಿ ಸಿಕ್ಕಿಕೊಂಡಿತು. ಚಕ್ರ ಹವಾಯಿ ಚಪ್ಪಲಿಯನ್ನು ಹತ್ತಿತು, ಪಾದವನ್ನು ಹತ್ತಿತು. ಹಸಿ ಕಡ್ಡಿ ಮುರಿದಂಥ ಸದ್ದು ಒಂದಲ್ಲ, ನಾಲ್ಕೈದು. ಗಾಡಿಯ ಹಿಂಬದಿ ಗೇಟಿನ ಕಂಬಕ್ಕೆ ಗುದ್ದಿ ನಿಂತಿತು. ಚಕ್ರ ಅಲ್ಲೇ, ಪಾದದ ಮೇಲೆಯೇ ನಿಂತಿತು.

ಅಪ್ಪನ ಕೂಗು ಅವಳು ಈವರೆಗೆ ಕೇಳಿದ ಯಾವ ಕೂಗೂ ಆಗಿರಲಿಲ್ಲ. ಅಣ್ಣನಿಗೂ ಅದು ಕೇಳಿಸಿತು. ಬಟ್ಟಲು ಬಿಸಾಡಿ ಓಡಿಬಂದವನು ಒಂದು ಕ್ಷಣ ಮೇಲ್ಗಡೆ ಒಂಟಿಯಾಗಿ ಬಿದ್ದಿದ್ದ ಕಲ್ಲುಗಳನ್ನೂ ಇಳಿಜಾರನ್ನೂ ನೋಡಿದ; ಅವನ ಮುಖ ಬಿಳಿಚಿತು. ಆಮೇಲೆ ಅವನ ಕೈಗಳೇ ಯೋಚಿಸತೊಡಗಿದವು. ಒಂದು ಕಲ್ಲನ್ನು ಹೊತ್ತು ತಂದು ಹಿಂದಿನ ಚಕ್ರದ ಹಿಂದೆ ಒತ್ತಿದ, ಜಾಕು ತಂದ, ಮುಂದಿನ ಆಕ್ಸಲಿನ ಅಡಿಗೆ ಮಲಗಿಕೊಂಡು ನುಗ್ಗಿಸಿದ, ಹಿಡಿಕೆ ಸೇರಿಸಿ ಒತ್ತತೊಡಗಿದ. ಅದಕ್ಕೆ ಅವನು, ಪಕ್ಕಕ್ಕೆ ತೆವಳಿ ಮೈಯನ್ನು ಗಾಡಿಯ ಅಡಿಯಿಂದ ಹೊರಗೆಳೆದುಕೊಂಡಿದ್ದ ಅಪ್ಪನ ಎದೆಯ ಪಕ್ಕದಲ್ಲೇ ಮಂಡಿಯೂರಬೇಕಾಗಿತ್ತು. ಅಪ್ಪನ ಕೈಯಲ್ಲಿ ಇನ್ನೂ ಸ್ಪ್ಯಾನರಿತ್ತು.

"ಬೇಕು ಅಂತಲೇ ಇಟ್ಟೆ! ಸಾಯಿಸ್ಬೇಕು ಅಂತಲೇ ಇಟ್ಟೆ ಕಣೋ!" ಮಲಗಿದಲ್ಲಿಂದಲೇ ಬೀಸಿದ. ಮೊದಲನೆಯದು ಅಣ್ಣನ ಭುಜಕ್ಕೆ ಬಿತ್ತು. ಅಣ್ಣ ಸರಿಯಲಿಲ್ಲ, ಸರಿದರೆ ಜಾಕಿನ ಹಿಡಿಕೆ ಎಟುಕುವುದಿಲ್ಲ. "ಅಲ್ಲಾಡ್ಬೇಡಿ ಅಪ್ಪ. ಇನ್ನೊಂಚೂರು. ಏಳ್ತಾ ಇದೆ," ಎಂದ. ಎರಡನೆಯದು ಹುಬ್ಬಿನ ಮೇಲೆ. ಈ ಸಲ ಚಪ್ಪಟೆಯಾಗಿ ಅಲ್ಲ, ಅಂಚಿನಿಂದ. ರಕ್ತ ಕಣ್ಣಿಗಿಳಿಯಿತು. ಅವನು ಕಣ್ಣು ಮಿಟುಕಿಸುತ್ತ ಹಿಡಿಕೆಯನ್ನು ಒತ್ತುತ್ತಲೇ ಇದ್ದ. ಗಾಡಿ ಒಂದು ಕೂದಲಿನಷ್ಟು ಮೇಲೇಳುವುದು, ಸ್ಪ್ಯಾನರು ಬೀಳುವುದು; ಮತ್ತೆ ಒಂದು ಕೂದಲು, ಮತ್ತೊಂದು ಏಟು. ತನ್ನ ಕಾಲನ್ನು ಬಿಡಿಸುತ್ತಿರುವವನನ್ನೇ ಅಪ್ಪ ಹೊಡೆಯುತ್ತಿದ್ದ, ಹೊಡೆದಷ್ಟೂ ಅವನು ಬಿಡಿಸುತ್ತಿದ್ದ. ಬಾಗಿಲಲ್ಲಿ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಗೋಡೆಯ ಮೇಲೆ ಟೈಲರಿನ ತಲೆ, ಕೊರಳಲ್ಲಿ ಅಳತೆ ಟೇಪು. "ಏನಾಯ್ತು? ಅಯ್ಯೋ, ಏನಾಯ್ತು ಅಕ್ಕಾ?" ಎಂದು ಅವನು ಕೇಳುತ್ತಿದ್ದ. ಅಮ್ಮ ಸೆರಗು ತೆಗೆದು, "ಏನಿಲ್ಲಪ್ಪ... ಗಾಡಿ ಜಾರ್ತು..." ಎನ್ನುತ್ತ ಮಗಳ ಕಡೆ ನೋಡಿದಳು. ಅದೇ ನೋಟ. ಅವಳ ಕತ್ತು ತಾನಾಗಿ ತಲೆಯಾಡಿಸಲು ಹೊರಟಿತು.

"ಅವನಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ತನಗೂ ಸರಿಯಾಗಿ ಕೇಳಿಸಲಿಲ್ಲ. ಸ್ಪ್ಯಾನರು ಮತ್ತೆ ಎದ್ದಿತು; ಅಣ್ಣ ಹಿಡಿಕೆ ಒತ್ತಲು ತಲೆ ತಿರುಗಿಸಿದ್ದ, ಅವನ ಬಲಕಿವಿ ಈಗ ಅಪ್ಪನ ಕಡೆಗಿತ್ತು. ಅವಳು ಮೂರು ಬೋಲ್ಟುಗಳಿದ್ದ ಮುಚ್ಚಳವನ್ನು ಕೈಬಿಟ್ಟಳು. ಅವು ಕಲ್ಲುಹಾಸಿನ ಮೇಲೆ ಚೆಲ್ಲಾಪಿಲ್ಲಿಯಾದ ಸದ್ದಿಗೆ ಎತ್ತಿದ ಕೈ ಎತ್ತಿದಂತೆಯೇ ಒಂದು ಗಳಿಗೆ ನಿಂತಿತು. ಆ ಗಳಿಗೆಯೊಳಗೆ ಅವಳ ಗಂಟಲಲ್ಲಿ ಏನೋ ಗುಳ್ಳೆ ಗುಳ್ಳೆಯಾಗಿ ಉಕ್ಕಿ ಒಡೆಯಿತು. ಆಮೇಲೆ ಬಂದ ದನಿ ಅಂಗಳವನ್ನು ದಾಟಿ, ಗೋಡೆಯನ್ನು ದಾಟಿ, ಬೀದಿಯವರೆಗೆ ಹೋಯಿತು.

"ಕಲ್ಲು ತಪ್ಪಾಗಿರೋದು ನಾನು ನೋಡಿದ್ದೆ ಅಪ್ಪ. ಮೊದಲ್ನೇ ಬೋಲ್ಟಿಗೂ ಮುಂಚೇನೇ ನೋಡಿದ್ದೆ. ನೋಡೇ ಸುತ್ತಿಗೆ ಕೊಟ್ಟೆ."